ಮಲಗಿದ ಮಗುವಿನ ಕೂಲಿ

ತಾರೀಖು ಹದಿನಾಲ್ಕು, ಶನಿವಾರ ಮಧ್ಯಾಹ್ನ

ಪ್ರೀತಿಯ ತಂಗಿಗೆ,

ಉತ್ತರ ತಡವಾಯಿತು, ಹೊಟ್ಟೆಗೆ ಹಾಕಿಕೋ. ನಿನ್ನ ಕಾಗದವನ್ನು ದಾರದ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದೆ. ದಿನಾ ಡಬ್ಬಿ ಎತ್ತುವಾಗ ಕಣ್ಣಿಗೆ ಬೀಳುತ್ತಿತ್ತು, ದಿನಾ ಒಂದಿಷ್ಟು ಬೈದು ಮತ್ತೆ ಡಬ್ಬಿ ಇಡುತ್ತಿದ್ದೆ. ಬೈದದ್ದು ನಿನ್ನನ್ನಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನನ್ನೂ ಬೈದೆ. "ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ಸ್ನೇಹ ಯಾಕೆ ಮುರಿದುಕೊಂಡೆ" ಎಂದು ಬರೆದಿದ್ದೀಯಲ್ಲ, ಆ ಸಾಲು ಎಲುಬಿನ ಚೂರಿನ ಹಾಗೆ ಗಂಟಲಲ್ಲಿ ಕೂತಿದೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತು ಮಾತಿಗೆ "ಹೌದಾ, ಹೌದಾ" ಅನ್ನುತ್ತೀಯ, ನನಗೆ ಸಿಟ್ಟು ನೆತ್ತಿಗೇರಿ ಹೇಳಬೇಕಾದದ್ದೇ ಮರೆತುಹೋಗುತ್ತದೆ. ಕಾಗದ ಮಧ್ಯೆ ಬಾಯಿ ಹಾಕುವುದಿಲ್ಲ.

ನಾವೆಲ್ಲ ಕ್ಷೇಮ. ನಿನ್ನ ಭಾವನಿಗೆ ಸೊಂಟದ ನೋವು ಕಡಿಮೆಯಾಗಿದೆ, ಮತ್ತೆ ಪೈಪು ಹೊತ್ತುಕೊಂಡು ಕೆಲಸಕ್ಕೆ ಹೋಗುತ್ತಿದ್ದಾರೆ. ನನ್ನ ಮಗಳು, ನಮ್ಮ ಲಾಯರಮ್ಮನಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಬಾಯಲ್ಲಿ ಗಾಳಿ ಸೋರಿದರೂ ವಾದ ಮಾತ್ರ ಸೋರುವುದಿಲ್ಲ. ಮೊನ್ನೆ ಲೆಕ್ಕದ ಟೀಚರನ್ನೇ ಪಾಟಿಸವಾಲು ಮಾಡಿ ಬಂದಿದ್ದಾಳೆ.

ಇನ್ನು ವಿಷಯಕ್ಕೆ ಬರುತ್ತೇನೆ. ಭಾವ ನಿನಗೆ ಫೋನಿನಲ್ಲಿ ಹೇಳಿರುವುದು ಅರ್ಧ. ಅದೂ ಗಂಡಸಿಗೆ ಕಾಣುವ ಅರ್ಧ.

ಕಾರ್ಖಾನೆಯ ಮುಷ್ಕರ ಮುಗಿದ ಮೇಲೆ ಕಂಪನಿ ಐದು ಜನರನ್ನು ಹೊರಗೆ ಹಾಕಿದ್ದು ನಿನಗೆ ಗೊತ್ತು. ಆಮೇಲೆ ಒಪ್ಪಂದವಾಗಿ ನಾಲ್ಕು ಜನ ಒಳಗೆ ಹೋದರು. ಹೋದವರಲ್ಲಿ ನಮ್ಮ ಸಂಘದ ಸೆಕ್ರೆಟ್ರಿಯೂ ಒಬ್ಬಳು. ಹೊರಗೇ ಉಳಿದ ಐದನೆಯವಳು ನಾನು. ನನ್ನ ಹೆಸರು ಬಂದ ಕೂಡಲೇ ಮ್ಯಾನೇಜರು ಮೇಜು ಗುದ್ದಿದನಂತೆ. ಅದನ್ನು ಹೇಳುವಾಗ ಸೆಕ್ರೆಟ್ರಿ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನಾನೇ ಅವಳ ಕಣ್ಣೊರೆಸಿ, "ನೀನು ಒಳಗಿದ್ರೆ ಸಂಘ ಒಳಗಿದ್ದ ಹಾಗೆ, ಹೋಗು" ಎಂದು ಧೈರ್ಯ ಹೇಳಿ ಕಳಿಸಿದೆ. ಅಂದಿನಿಂದ ನಾನು ಮನೆಯಲ್ಲಿ ಕೂತು, ಹೊಲಿದು ಬಂದ ಅಂಗಿಗಳ ಬಾಲದಾರ ಕತ್ತರಿಸುವ ಕೆಲಸ ಮಾಡುತ್ತಿದ್ದೇನೆ. ಹದಿನಾಲ್ಕು ವರ್ಷ ಕಾಲರು ಕೂರಿಸಿದ ಕೈ, ಈಗ ಕೂದಲು ಹೆಕ್ಕುವ ಹಾಗೆ ದಾರ ಹೆಕ್ಕುತ್ತದೆ.

ಸೆಕ್ರೆಟ್ರಿಯ ಮನೆ ಇದೇ ಕಟ್ಟಡದಲ್ಲಿ, ನಮ್ಮ ಬಾಗಿಲಿನ ಎದುರು ಬಾಗಿಲು. ಗಂಡ ಲಾರಿ ಓಡಿಸುತ್ತಾನೆ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಒಬ್ಬಳೇ ಮಗಳು, ಮೂರು ದಾಟಿ ನಾಲ್ಕಕ್ಕೆ ಬಿದ್ದಿದ್ದಾಳೆ. ನನ್ನ ಗುಂಡಿ ಡಬ್ಬಿ ಕಂಡರೆ ಸಾಕು, ಊಟ ನಿದ್ದೆ ಬೇಡ, ಗುಂಡಿಗಳನ್ನು ನೆಲದ ಮೇಲೆ ಸಾಲಾಗಿ ಕೂರಿಸಿ ಶಾಲೆ ನಡೆಸುತ್ತಾಳೆ. ಅದಕ್ಕೇ ಅವಳ ಹೆಸರೂ ಗುಂಡಿ ಎಂದಾಯಿತು. ಗುಂಡು ಗುಂಡಾಗಿಯೂ ಇದ್ದಾಳೆ.

"ಅಕ್ಕ, ನೀನು ಹೇಗೂ ಮನೇಲೇ ಇರ್ತೀಯಲ್ಲ, ಬಾಲವಾಡಿಯಿಂದ ಇವಳನ್ನ ಕರ್ಕೊಂಡ್ಬಂದು ನಾನು ಬರೋವರೆಗೆ ಸ್ವಲ್ಪ ನೋಡ್ಕೊಂಡಿರು" ಎಂದಳು. ಸ್ವಲ್ಪ ಅಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ಮೊದಲು ಅವಳ ಪಾಳಿ ಇರುವ ದಿನ ಮಾತ್ರ. ಆಮೇಲೆ ಓವರ್‌ಟೈಮು. ಆಮೇಲೆ ಸಂಘದ ಸಭೆ. ಮಗುವಿಗೆ ಜ್ವರ ಬಂದರೆ ಬಾಲವಾಡಿಯವರು ಇಟ್ಟುಕೊಳ್ಳುವುದಿಲ್ಲ, ಆಗ ಬೆಳಗಿನಿಂದಲೇ. ಊಟ ನನ್ನ ಒಲೆಯದು, ಒದ್ದೆಯಾದ ಚಡ್ಡಿ ನನ್ನ ಬಕೆಟ್ಟಿನದು. ಅವಳ ಕಡೆಯಿಂದ ಒಂದು ಸಲ ಬಿಸ್ಕತ್ತಿನ ಡಬ್ಬಿ ಬಂತು, ಒಂದು ಸಲ ಉಣ್ಣೆ ಶಾಲು. ಕೊಡುವಾಗ, "ನಿನ್ನ ಋಣ ತೀರಿಸೋಕೆ ಆಗಲ್ಲ ಅಕ್ಕ" ಎನ್ನುತ್ತಿದ್ದಳು. ಎಂಥ ಒಳ್ಳೆಯ ಮಾತು ನೋಡು. ತೀರಿಸಲು ಆಗುವುದಿಲ್ಲ ಎಂದು ಒಮ್ಮೆ ಹೇಳಿಬಿಟ್ಟರೆ ತೀರಿಸುವ ಗೋಜೇ ಇಲ್ಲ.

ಮಗುವಿನ ಮೇಲೆ ನನಗೆ ಬೇಸರವಿಲ್ಲ ಕಣೇ. ಮಗು ಇದ್ದಾಗ ದಾರದ ಕೆಲಸ ಅರ್ಧಕ್ಕಿಳಿಯುತ್ತದೆ. ಕತ್ತರಿ ಎತ್ತಿಡಬೇಕು, ಅಂಗಿಗಳನ್ನು ಮಂಚದ ಮೇಲೆ ಹಾಕಬೇಕು, ಗುಂಡಿ ಮೂಗಿಗೆ ಹೋಯಿತಾ ಎಂದು ನೋಡುತ್ತಿರಬೇಕು. ಇಳಿದದ್ದು ನನ್ನ ಕೂಲಿ. ಅದು ಅವಳಿಗೆ ಕಾಣಲಿಲ್ಲ. ಕಾಣದೇ ಇದ್ದದ್ದು ಯಾರಿಗೆ? ಮೈಕು ಹಿಡಿದರೆ ಸಾಕು, ನಮ್ಮ ಬೆವರಿನ ಲೆಕ್ಕ ಪೈಸೆ ಪೈಸೆಯಾಗಿ ಹೇಳುವವಳಿಗೆ.

ಹೆಂಗಸರ ಸಭೆ ನಡೆದ ದಿನ ನನಗೆ ತಲೆ ತಿರುಗಿದ್ದು. ಅವಳು ವೇದಿಕೆಯ ಮೇಲೆ. ನಾನು ಹಿಂದಿನ ಬೆಂಚಿನಲ್ಲಿ, ಗುಂಡಿ ನನ್ನ ಮಡಿಲಲ್ಲಿ. ಅವಳು ಗುಡುಗುತ್ತಿದ್ದಳು: "ಮಗು ಸಾಕೋದು ದುಡಿಮೆ ಅಲ್ವಾ? ಒಲೆ ಮುಂದೆ ಬೇಯೋದು ದುಡಿಮೆ ಅಲ್ವಾ? ಯಾರು ಕೊಡ್ತಾರೆ ಇದಕ್ಕೆ ಕೂಲಿ?" ಇಡೀ ಸಭೆ ಚಪ್ಪಾಳೆ ಹೊಡೆಯಿತು. ನಾನು ಹೊಡೆಯಲಿಲ್ಲ. ನನ್ನ ಒಂದು ಕೈ ಅವಳ ಮಗಳ ತಲೆಯ ಕೆಳಗಿತ್ತು, ಚಪ್ಪಾಳೆಯ ಸದ್ದಿಗೆ ಮಗು ಬೆಚ್ಚಿ ನನ್ನ ಮಡಿಲನ್ನು ಒದ್ದೆ ಮಾಡಿತ್ತು. ಪಕ್ಕದಲ್ಲಿ ಕೂತಿದ್ದ ಪ್ಯಾಕಿಂಗಿನವಳು ನೋಡಿ, "ಕೂಲಿ ಬಂತಲ್ಲ ಅಕ್ಕ, ಕೈಗಲ್ಲ, ಮಡಿಲಿಗೆ" ಎಂದು ನಕ್ಕಳು. ನಾನೂ ನಕ್ಕೆ. ಮನೆಗೆ ಬಂದು ಬಟ್ಟೆ ಒಗೆಯುವಾಗ ನಗು ನಿಂತಿತು.

ಮರುದಿನ ಕೇಳಿದೆ. ಎಲ್ಲ ಕೆಟ್ಟದ್ದು ಇಲ್ಲಿಂದಲೇ ಶುರು, ಇದನ್ನು ನಿಧಾನವಾಗಿ ಓದು.

ಚೌಕಾಶಿಯಲ್ಲಿ ನಾವಿಬ್ಬರೂ ಒಂದೇ ಗರಡಿಯವರು. ಸಂಘದ ಮೊದಲ ಪಾಠವೇ ಅದು: ಕೇಳುವವನು ದುಪ್ಪಟ್ಟು ಕೇಳಬೇಕು, ಕೊಡುವವನು ಅರ್ಧ ಹೇಳುತ್ತಾನೆ, ಆಮೇಲೆ ನಡುವೆ ಎಲ್ಲೋ ಕೂತು ಚಹಾ ಕುಡಿಯಬೇಕು. ನನ್ನ ಮನಸ್ಸಿನಲ್ಲಿ ಇದ್ದದ್ದು ಯಂತ್ರದ ಮೇಲಿನ ಗಂಟೆ ಕೂಲಿಯಲ್ಲಿ ಅರ್ಧ. ಅದು ಸಾಕಿತ್ತು. ಆದರೆ ನಾಲಿಗೆ ಪಾಠ ಕಲಿತ ನಾಲಿಗೆ. "ಯಂತ್ರದ ಪೂರ್ತಿ ದರ ಕೊಡು" ಎಂದುಬಿಟ್ಟೆ.

ಅವಳ ಮುಖ ಸುಣ್ಣವಾಯಿತು. ಆದರೆ ಅವಳದ್ದೂ ಅದೇ ನಾಲಿಗೆ. "ಕಾಲು ಭಾಗ ಕೊಡ್ತೀನಿ" ಎಂದಳು.

ಆಮೇಲೆ ಶುರುವಾಯಿತು ನೋಡು. ಮಗು ಅರ್ಧ ಹೊತ್ತು ಮಲಗಿರುತ್ತದೆ, ಆಗೇನು ಕೆಲಸ ಎಂದಳು. ರಾತ್ರಿ ಕಾವಲುಗಾರನಿಗೆ ಕಳ್ಳ ಬಾರದ ದಿನ ಸಂಬಳ ಹಿಡಿಯುತ್ತಾರಾ ಎಂದೆ. ನಿನ್ನ ಮಗಳನ್ನು ನೀನು ಹೇಗೂ ನೋಡಿಕೊಳ್ಳಬೇಕು, ಜೊತೆಗೆ ಇವಳೂ ಒಬ್ಬಳು ಎಂದಳು. ಬಸ್ಸು ಹೇಗೂ ಹೋಗುತ್ತದೆ ಎಂದು ಟಿಕೆಟ್ಟಿಲ್ಲದೆ ಹತ್ತುತ್ತೀಯಾ ಎಂದೆ. ಅವಳು ಬಾಗಿಲಿನ ಚಿಲಕ ತಿರುಗಿಸುತ್ತಾ, "ನನಗೆ ಬರೋದೇ ಎಷ್ಟು ಅಕ್ಕ? ನಿನಗೆ ಪೂರ್ತಿ ಕೊಟ್ಟು ನಾನು ಯಂತ್ರದ ಮುಂದೆ ಕೂತು ಏನು ಮಾಡ್ಲಿ, ಹಾಡು ಹೇಳ್ಲಾ?" ಎಂದಳು.

ಅದು ನಿಜ. ಕಾರ್ಖಾನೆಯಲ್ಲಿ ಕೂಸಿನ ಕೋಣೆ ಎಂದು ಬೋರ್ಡು ಹಾಕಿದ ಒಂದು ಕೋಣೆ ಇದೆ, ಒಳಗೆ ಸೂರಿನವರೆಗೆ ರಟ್ಟಿನ ಪೆಟ್ಟಿಗೆ. ಅದನ್ನು ಖಾಲಿ ಮಾಡಿ ಆಯಾ ಇಡಬೇಕು ಎಂಬುದು ಮುಷ್ಕರದ ಮೂರನೇ ಬೇಡಿಕೆಯಾಗಿತ್ತು. ಮಾತುಕತೆಯಲ್ಲಿ ಮೊದಲು ಬಿದ್ದುಹೋದದ್ದೂ ಅದೇ. ಕಂಪನಿ ಕೊಡಬೇಕಾದ ಕೂಲಿಯನ್ನು ಈಗ ಇಬ್ಬರು ಹೆಂಗಸರು ಒಬ್ಬರ ಹರಕು ಜೇಬಿನಲ್ಲಿ ಒಬ್ಬರು ಹುಡುಕುತ್ತಿದ್ದೇವೆ. ಇಷ್ಟು ತಿಳುವಳಿಕೆ ನನಗಿದೆ. ಆದರೆ ತಿಳುವಳಿಕೆಯಿಂದ ಚಡ್ಡಿ ಒಗೆದಂತಾಗುವುದಿಲ್ಲವಲ್ಲ.

ಕಾರ್ಖಾನೆಯಲ್ಲಾಗಿದ್ದರೆ ಪೂರ್ತಿ ಎಂದದ್ದಕ್ಕೂ ಕಾಲು ಎಂದದ್ದಕ್ಕೂ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅವು ಬರೀ ಮೊದಲ ಮಾತು. ಇಲ್ಲಿ ನಡುವೆ ಮೇಜಿರಲಿಲ್ಲ, ಮೂರನೆಯವರಿರಲಿಲ್ಲ. ಮೊದಲ ಮಾತನ್ನೇ ಇಬ್ಬರೂ ಮನಸ್ಸಿನ ಮಾತು ಎಂದುಕೊಂಡೆವು. ಅಕ್ಕ ಎಂದು ಕರೆಯುತ್ತಾ ನನ್ನನ್ನು ಕಾಲು ಭಾಗಕ್ಕೆ ತೂಗಿದಳಲ್ಲ ಎಂದು ನನಗೆ ಉರಿ. ಅಕ್ಕ ಎಂದು ನಂಬಿದರೆ ನನ್ನ ಮಗುವನ್ನೇ ಹಿಡಿದು ಸುಲಿಗೆಗೆ ನಿಂತಳಲ್ಲ ಎಂದು ಅವಳಿಗೆ ಉರಿ.

ಆದರೂ ಮಗು ಬರುತ್ತಿತ್ತು. ಯಂತ್ರ ನಿಲ್ಲಿಸಿ ಮುಷ್ಕರ ಮಾಡಬಹುದು, ಬಾಲವಾಡಿಯ ಗೇಟಿನಲ್ಲಿ ಚೀಲ ಹಿಡಿದು ನಿಂತ ಮಗುವಿನ ಮುಂದೆ ಏನು ಮುಷ್ಕರ ಮಾಡುತ್ತೀ? ಬಾಗಿಲಲ್ಲಿ ಅವಳು ಮಗುವನ್ನು ತೆಗೆದುಕೊಳ್ಳುವಾಗ ನಾವು ಮಾತಾಡುತ್ತಿರಲಿಲ್ಲ. ಮಾತೆಲ್ಲ ಮಗುವಿನ ಮೂಲಕ. "ಗುಂಡಿ, ಮಧ್ಯಾಹ್ನ ಊಟ ಮಾಡಿದ್ಯಾ?" ಎಂದು ಅವಳು ಮಗುವನ್ನು ಕೇಳುವುದು. "ಗುಂಡಿ, ಮಾಡಿದ್ದೀನಿ ಅಂತ ಹೇಳು" ಎಂದು ನಾನು. ಮಗು ನಮ್ಮಿಬ್ಬರ ಮುಖ ನೋಡಿ, ಯಾವುದೋ ಹೊಸ ಆಟ ಎಂದು ಚಪ್ಪಾಳೆ ತಟ್ಟುವುದು.

ನಮ್ಮ ಲಾಯರಮ್ಮ ಇದನ್ನೆಲ್ಲ ನೋಡಿ ಒಂದು ಸಂಜೆ, "ಗುಂಡಿಗೆ ಕೂಲಿ ಅವರಮ್ಮನ್ನ ಕೇಳ್ತಿದ್ದೀಯ, ನನಗೆ ಯಾರನ್ನ ಕೇಳ್ತೀಯ?" ಎಂದಳು. ನಿಮ್ಮಪ್ಪನನ್ನ ಎಂದೆ. ನಿನ್ನ ಭಾವ ಅದೇ ತಾನೇ ಊಟಕ್ಕೆ ಕೂತವರು, ಪಕ್ಕದ ಬೀದಿಯಲ್ಲಿ ಯಾರದೋ ನಲ್ಲಿ ಸೋರುತ್ತಿದೆ ಎಂದು ನೆನಪಾಗಿ ಎದ್ದು ಹೋದರು. ಇವರೂ ನನಗೆ ಬುದ್ಧಿ ಹೇಳಿದವರೇ. ಮಗು ನೋಡಿಕೊಂಡದ್ದಕ್ಕೆಲ್ಲ ಯಾರಾದರೂ ದುಡ್ಡು ಕೇಳುತ್ತಾರಾ, ಜನ ಏನಂದಾರು ಎಂದು. ಇವರು ನಲ್ಲಿ ಮುಟ್ಟುವ ಮೊದಲೇ "ಬಂದ ಖರ್ಚು" ಎಂದು ಬೇರೆ ವಸೂಲಿ ಮಾಡುವ ಮನುಷ್ಯ.

ಕೊನೆಗೆ ಕಾರ್ಖಾನೆಯ ಕಟಿಂಗ್ ಮಾಸ್ತರು ಮಧ್ಯೆ ಬಂದರು. ತಲೆ ನೆರೆತ ಹಿರಿಯರು, ಸಂಘ ಹುಟ್ಟಿದ ದಿನದಿಂದ ಇರುವವರು. ಒಪ್ಪಂದದ ಕಮಿಟಿಯಲ್ಲಿ ಸೆಕ್ರೆಟ್ರಿಯ ಪಕ್ಕ ಕೂತವರೂ ಅವರೇ. ಎಷ್ಟೇ ಹಟದ ಮಾತುಕತೆಯಾದರೂ ನಮ್ಮಲ್ಲಿ ಒಂದು ಪದ್ಧತಿ ಇದೆ. ಎರಡೂ ಕಡೆಯವರು ತಮ್ಮ "ಕಡೇ ಮಾತು" ಏನೆಂದು ಮಧ್ಯಸ್ಥನ ಕಿವಿಯಲ್ಲಿ ಮಾತ್ರ ಹೇಳಬೇಕು. ಅವನು ಅದನ್ನು ಆಚೆಗೆ ಬಿಡದೆ ದಾರಿ ಹುಡುಕಬೇಕು. ಮಾಸ್ತರು ಮೊದಲು ಕಾರ್ಖಾನೆಯಲ್ಲೇ ಅವಳ ಕಡೇ ಮಾತು ಕೇಳಿಕೊಂಡು, ಆಮೇಲೆ, ಅವಳು ಓವರ್‌ಟೈಮಿನಲ್ಲಿದ್ದಾಗ, ನಮ್ಮ ಮನೆಗೆ ಬಂದರು. ಬರುವಾಗಲೇ, "ಹೆಂಗಸರ ಜಗಳಕ್ಕೆ ಮಧ್ಯಸ್ಥನಾಗೋದಕ್ಕಿಂತ ರೈಲಿಗೆ ತಲೆ ಕೊಡೋದು ವಾಸಿ" ಎಂದು ಗೊಣಗಿಕೊಂಡು ಕುರ್ಚಿ ಎಳೆದರು. ನನ್ನ ಕಡೇ ಮಾತು ಅರ್ಧ ದರ ಎಂದು ಹೇಳಿದೆ. ಕೇಳಿದವರೇ ಜೋರಾಗಿ ನಕ್ಕುಬಿಟ್ಟರು. ಆಚೆಗೆ ಬಿಡಬಾರದ ಮಾತು ಬಿಟ್ಟರು. ಅವಳೂ ಹೇಳಿದ್ದು ಅದನ್ನೇ ಅಂತೆ. ಅರ್ಧ. ಒಂದು ಕಾಸು ಆಚೆ ಇಲ್ಲ, ಈಚೆ ಇಲ್ಲ.

ಭಾವ ನಿನಗೆ ಹೇಳಿದ್ದು ಇಲ್ಲಿಯವರೆಗೆ. ಎರಡೂ ಕಡೇ ಮಾತು ಒಂದೇ, ಇನ್ನೇನು, ಚಹಾ ಕುಡಿದು ಮುಗಿಸುವುದು ಬಿಟ್ಟು ಇವಳು ಮರುದಿನವೇ ಮಗುವನ್ನು ಒಲ್ಲೆ ಎಂದಳು, ಇವಳಿಗೇನು ತಲೆ ಕೆಟ್ಟಿದೆಯಾ ಎಂದು. ಹೌದು, ಒಲ್ಲೆ ಎಂದೆ. ಸೋಮವಾರದಿಂದ ಬೇರೆ ವ್ಯವಸ್ಥೆ ಮಾಡಿಕೋ ಎಂದೆ. ಈಗ ಗುಂಡಿ ಕೆಳಗಿನ ಮನೆಯ ಅಜ್ಜಿಯ ಹತ್ತಿರ ಇರುತ್ತಾಳೆ. ಅಜ್ಜಿ ಟೀವಿ ಹಾಕಿ ಕೂರಿಸಿ ಗೊರಕೆ ಹೊಡೆಯುತ್ತದೆ. ಮಗು ಮೆಲ್ಲಗೆ ಮೆಟ್ಟಿಲು ಹತ್ತಿ ಬಂದು ನಮ್ಮ ಬಾಗಿಲು ತಟ್ಟುತ್ತದೆ. ಕೈಯಿಂದಲ್ಲ, ಹಣೆಯಿಂದ. ನಾನು ತೆರೆಯುತ್ತೇನೆ, ನೀರು ಕುಡಿಸುತ್ತೇನೆ, ಮತ್ತೆ ಕೆಳಗೆ ಬಿಟ್ಟು ಬರುತ್ತೇನೆ. ನನ್ನನ್ನು ಎಷ್ಟು ಕಟುಕಿ ಎಂದು ನೀನು ಬೇಕಾದರೆ ಅಂದುಕೋ.

ಗುರುವಾರ ಸೆಕ್ರೆಟ್ರಿ ಬಂದಳು. ಪಾಳಿ ಮುಗಿಸಿ ನೇರ ಬಂದಿದ್ದಳು, ತಲೆಗೂದಲಲ್ಲಿ ಹತ್ತಿಯ ಧೂಳು ಹಾಗೇ ಇತ್ತು. ಒಳಗೆ ಬಾ ಎನ್ನಲಿಲ್ಲ, ಅವಳೂ ಬರಲಿಲ್ಲ. ಹೊಸಿಲಿನ ಆಚೆ ನಿಂತು, "ಅರ್ಧ ದರ ಅಕ್ಕ. ಹಿಂದಿನದನ್ನೂ ಸೇರಿಸಿ ಸ್ವಲ್ಪ ಸ್ವಲ್ಪವಾಗಿ ಕೊಡ್ತೀನಿ. ಮಗು ರಾತ್ರಿಯೆಲ್ಲ ನಿನ್ನ ಕೇಳ್ತಾಳೆ" ಎಂದಳು.

ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಪ್ಪಲಿಲ್ಲ. ಹಣ ಬೇಡ ಎಂದೂ ಅನ್ನಲಿಲ್ಲ, ನಾನೇನು ದಾನಶೂರಳಲ್ಲ. "ಭಾನುವಾರ ಸಂಘದ ಸಭೆ ಇದೆಯಲ್ಲ, ಅಲ್ಲಿ ಎದ್ದು ನಿಂತು ಹೇಳು. ನಾನು ಒಳಗೆ ಯಂತ್ರ ಓಡಿಸಿದ್ದು ಇವಳು ಹೊರಗೆ ನನ್ನ ಮಗು ಹಿಡ್ಕೊಂಡಿದ್ದಕ್ಕೆ, ಇವಳು ಮಾಡಿದ್ದೂ ಕೆಲಸ, ಇವಳೂ ಕೆಲಸಗಾರ್ತೀನೇ ಅಂತ ಹೇಳು. ಆಮೇಲೆ ಮಗುವನ್ನ ಕಳ್ಸು" ಎಂದೆ.

ಅವಳು ತಲೆಯ ಧೂಳು ಕೊಡವಿಕೊಂಡಳು. "ಸಭೇಲಿ ಮನೆ ವಿಷಯ ಹೇಗೆ ತರ್ಲಿ ಅಕ್ಕ, ಗಂಡಸರು ನಗಲ್ವಾ?" ಎಂದಳು.

ಮ್ಯಾನೇಜರು, ಪೊಲೀಸರು, ಗೂಂಡಾಗಳು, ಯಾರ ಮುಂದೆಯೂ ತಗ್ಗದ ಗಂಟಲು ಅದು. ಗಂಡಸರು ನಕ್ಕಾರು ಎಂದು ಅಲ್ಲಿ ಒಣಗಿತು. ನಾನು ಬಾಗಿಲು ಹಾಕಿಕೊಂಡೆ. ದಡಾರನೆ ಹಾಕಲಿಲ್ಲ, ಮೆಲ್ಲಗೇ ಹಾಕಿದೆ. ಕೆಳಗಿನ ಮನೆಯಲ್ಲಿ ಮಗು ಮಲಗಿತ್ತೇನೋ.

ನಾಳೆ ಭಾನುವಾರ. ನಾನು ಸಭೆಗೆ ಹೋಗುತ್ತೇನೆ. ಹೊರಗೆ ಹಾಕಿದವರ ಸದಸ್ಯತ್ವ ಹೋಗುವುದಿಲ್ಲ ಎಂದು ನಿಯಮವಿದೆ, ಅದನ್ನು ಬರೆಸಿದವಳೇ ನಾನು. ಈ ಸಲ ಹಿಂದಿನ ಬೆಂಚಲ್ಲ, ಮೊದಲ ಸಾಲು. ಮಡಿಲಲ್ಲಿ ಯಾರ ಮಗುವೂ ಇರುವುದಿಲ್ಲ, ಎರಡೂ ಕೈ ಖಾಲಿ ಇರುತ್ತವೆ. ಅವಳು ಹೇಳಿದರೆ ಚಪ್ಪಾಳೆ ಹೊಡೆಯುತ್ತೇನೆ. ಹೇಳದಿದ್ದರೆ ನಾನೇ ಎದ್ದು ಹೇಳುತ್ತೇನೆ, ನಗುವವರು ನಗಲಿ.

ನಿನ್ನ ದೊಡ್ಡವನಿಗೆ ಪರೀಕ್ಷೆಯಲ್ಲವೇ, ಬೆಳಿಗ್ಗೆ ಎಬ್ಬಿಸಿ ಓದಿಸು, ರಾತ್ರಿ ಓದಿದ್ದು ಅವನ ತಲೆಗೆ ನಿಲ್ಲುವುದಿಲ್ಲ. ಚಿಕ್ಕವಳಿಗೆ ಒಂದು ಫ್ರಾಕು ಹೊಲಿದಿಟ್ಟಿದ್ದೇನೆ, ಬರುವವರ ಕೈಯಲ್ಲಿ ಕಳಿಸುತ್ತೇನೆ. ಮಕ್ಕಳಿಬ್ಬರೂ ನೂರು ಕಾಲ ಬಾಳಲಿ. ನಿನ್ನ ಕೈಗೂ ಸ್ವಲ್ಪ ಬಿಡುವು ಸಿಗಲಿ ಎಂದು ಹರಸುತ್ತೇನೆ. ನಮಗೆ ಯಾರೂ ಹರಸದ ಹರಕೆ ಅದು.

ಇತಿ,
ನಿನ್ನ ಅಕ್ಕ

ತಾಜಾ ಕಲಂ: ಲಕೋಟೆಗೆ ಹಾಕಿ ಮತ್ತೆ ತೆಗೆದೆ. ಕಡೇ ಮಾತು ಒಂದೇ ಆದ ಮೇಲೆ ಯಾಕೆ ಬಿಟ್ಟೆ ಎಂದು ನೀನು ಮತ್ತೆ ಕೇಳುತ್ತೀಯ. ಭಾವನಿಗೂ ಹೇಳಿಲ್ಲ, ನಿನಗೊಬ್ಬಳಿಗೆ.

ಅಂದು ಮಾಸ್ತರು ನಕ್ಕರಲ್ಲ, ನಕ್ಕ ಉಮೇದಿನಲ್ಲಿ ಇನ್ನೊಂದು ಮಾತೂ ಆಡಿದರು. ರಾಜಿ ಆಯಿತು ಎಂಬ ಖುಷಿಯಲ್ಲಿ ಮುದುಕರ ಬಾಯಿಗೆ ಬೀಗ ಇರಲಿಲ್ಲ. "ಅವಳಿಗೆ ನಿನ್ನ ಮೇಲೆ ಎಷ್ಟು ನಂಬಿಕೆ ಗೊತ್ತಾ? ಅವತ್ತು ಒಪ್ಪಂದದ ದಿನ ಮ್ಯಾನೇಜರು ಐದರಲ್ಲಿ ನಾಲ್ಕು ಜನರನ್ನ ತಗೊಳ್ತೀನಿ, ಯಾರನ್ನ ಬಿಡ್ತೀರೋ ನೀವೇ ಹೇಳಿ ಅಂದ. ನಾವೆಲ್ಲ ತಲೆ ತಗ್ಗಿಸಿ ಕೂತ್ವಿ. ಅವಳೇ ಹೇಳಿದ್ಲು, ಅಕ್ಕನ್ನ ಬಿಡಿ, ಅಕ್ಕ ತಡ್ಕೋತಾಳೆ, ಗಂಡನ ದುಡಿಮೆ ಇದೆ, ಮಗಳೂ ಚಿಕ್ಕವಳು, ಹೇಗೂ ಮನೇಲಿ ಒಬ್ಬರು ಇರಬೇಕಲ್ಲ ಅಂತ."

ಮ್ಯಾನೇಜರು ಮೇಜು ಗುದ್ದಿರಲೇ ಇಲ್ಲ ಕಣೇ. ನನ್ನನ್ನು ಒಂದು ಮಾತು ಕೇಳಿದ್ದರೆ, ನಾನೇ ಬಿಟ್ಟುಕೊಡುತ್ತಿದ್ದೆನೋ ಏನೋ. ಕೇಳಲಿಲ್ಲ. ಕೇಳದೆ ಕೊಟ್ಟು, ಬಂದು ನನ್ನ ಹೆಗಲ ಮೇಲೆ ಅತ್ತು, ಮರುವಾರ ಮಗುವನ್ನು ತಂದು ನನ್ನ ಕೈಗಿತ್ತಳು.

ಮಾಸ್ತರು ಇದನ್ನು ಹೇಳುವಾಗ ಗುಂಡಿ ನನ್ನ ಮಡಿಲಲ್ಲಿ ಮಲಗಿದ್ದಳು. ಆ ದಿನ ಅವಳಿಗೆ ಜ್ವರ ಬಂದು ಹೋಗಿತ್ತು, ಆಗಷ್ಟೇ ಕಣ್ಣು ಹತ್ತಿತ್ತು, ನನ್ನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು. ನನಗೆ ಎದ್ದು ನಿಂತು ಕೂಗಬೇಕು ಅನ್ನಿಸಿತು. ಏಳಲಿಲ್ಲ. ಮಗು ಎದ್ದೀತೆಂದು ಜೋರಾಗಿ ಉಸಿರೂ ಬಿಡದೆ, ಅಲ್ಲಾಡದೆ, ಅವಳು ತಾನಾಗಿ ಏಳುವವರೆಗೆ ಹಾಗೇ ಕೂತಿದ್ದೆ.

ಮಗು ಮಲಗಿರುವಾಗ ಏನು ಕೆಲಸ ಎಂದು ಸೆಕ್ರೆಟ್ರಿ ಕೇಳಿದ್ದಳಲ್ಲ. ಆ ಹೊತ್ತಿನದಕ್ಕೆ ಎಷ್ಟು ಕೇಳಲಿ, ನೀನೇ ಹೇಳು.